ಬಾಗಲಕೋಟೆಯ ಡ್ರಾಮಾ ಸೀನ್ಸ್ ಅಂಗಡಿ: ಅನ್ಯಾಯ ಹಿಂದಿನ ಸಾಲಿಗೂ ಕಾಣಬೇಕು

ಜಾತ್ರೆಗೆ ಪೌರಾಣಿಕ ನಾಟಕ ಹಾಕುವ ಊರಿನವರು ಪರದೆ, ಡ್ರೆಸ್ಸು, ಲೈಟು ಬಾಡಿಗೆಗೆ ಕೊಡುವ ಡ್ರಾಮಾ ಸೀನ್ಸ್ ಅಂಗಡಿಗೆ ಹೋದರೆ ಮೊದಲು ನೋಡುವುದು ಕಿರೀಟದ ಹೊಳಪು, ಆಮೇಲೆ ಪರದೆ ಹೊಸದೋ ಹಳೆಯದೋ ಅನ್ನುವುದು. ಬಾಗಲಕೋಟೆಯ ಹಳೆ ಊರಿನ ಈ ಅಂಗಡಿಯ ಸಾಮಾನಿಗೆ ಬೇರೆ ಅಳತೆಗೋಲು ಹಿಡಿಯಬೇಕು. ಅಕ್ಷಯಾಂಬರ, ಕುರುಕ್ಷೇತ್ರ, ರಕ್ತರಾತ್ರಿ ಈಗಲೂ ನಮ್ಮ ಕಡೆ ಹೆಚ್ಚು ಆಡುವ ನಾಟಕಗಳು. ಬರೆದವರು ಇದೇ ಜಿಲ್ಲೆಯ ಕಂದಗಲ್ಲ ಹನುಮಂತರಾಯರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಮೋಸ ಮಾಡಿದವರು ಯಾರು, ನೋಡಿ ಸುಮ್ಮನಿದ್ದವರು ಯಾರು, ಹೊಣೆ ಯಾರ ತಲೆಗೆ ಅನ್ನುವ ಪ್ರಶ್ನೆಯ ಮೇಲೆ ನಿಂತ ಕಥೆಗಳಿವು. ಬಾಡಿಗೆಗೆ ತಂದ ಸಾಮಾನು ಆ ಪ್ರಶ್ನೆಯನ್ನು ಕಟ್ಟಕಡೆಗೆ ಕೂತವರಿಗೂ ಮುಟ್ಟಿಸುತ್ತದೋ ಇಲ್ಲವೋ, ಪರೀಕ್ಷೆ ಮಾಡಬೇಕಾದದ್ದು ಅದನ್ನು.

ಅಕ್ಷಯಾಂಬರ ಆಡುವವರು ಅಂಗಡಿಗೆ ಕಾಲಿಟ್ಟ ಕೂಡಲೇ ಸೀರೆ ವಿಚಾರಿಸುತ್ತಾರೆ. ಸೀರೆಗಿಂತ ಮೊದಲು ಕುರ್ಚಿ ಎಣಿಸಿರಿ. ಇಲ್ಲಿ ದರ್ಬಾರ್ ಸೆಟ್ ಅಂದರೆ ಒಂದು ಸಿಂಹಾಸನ, ಎರಡು ಪಕ್ಕದ ಕುರ್ಚಿ, ಅಷ್ಟೇ. ಕುರುಸಭೆಯಲ್ಲಿ ಭೀಷ್ಮ, ದ್ರೋಣ, ಕೃಪ, ವಿದುರ ಎಲ್ಲರೂ ಇದ್ದಾರೆ. ಆಸನ ಸಾಲದ್ದಕ್ಕೆ ಬಹಳಷ್ಟು ತಂಡದವರು ಭೀಷ್ಮ ದ್ರೋಣರಿಂದ ಒಂದೊಂದು ಮಾತು ಆಡಿಸಿ ಒಳಗೆ ಕಳಿಸಿಬಿಡುತ್ತಾರೆ. ಅಲ್ಲಿಗೆ ದುಃಶಾಸನ ಒಬ್ಬನೇ ಪಾಪಿಯಾಗುತ್ತಾನೆ, ಹಿರಿಯರು ಪಾರಾಗುತ್ತಾರೆ. ದ್ರೌಪದಿ ಸಭೆಗೆ ಕೇಳುವುದು ಕಣ್ಣೀರಿನ ಮಾತಲ್ಲ, ನ್ಯಾಯದ ಪ್ರಶ್ನೆ. ತನ್ನನ್ನು ತಾನೇ ಸೋತುಕೊಂಡವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಧರ್ಮ ಬಹಳ ಸೂಕ್ಷ್ಮ ಅಂತ ಭೀಷ್ಮ ಜಾರಿಕೊಳ್ಳುತ್ತಾನೆ. ಕೌರವರ ಪೈಕಿ ಎದ್ದುನಿಂತು ಇದು ತಪ್ಪು ಅನ್ನುವವನು ವಿಕರ್ಣ. ಅವನು ಏಳಬೇಕಾದರೆ ಮೊದಲು ಕೂತಿರಬೇಕು. ಅದಕ್ಕೇ ಕನಿಷ್ಠ 5 ಆಸನ ಹೆಚ್ಚಿಗೆ ಕೇಳಿರಿ. ಪ್ಲೈವುಡ್ಡಿನ ಪೀಠಗಳು ಅಂಗಡಿಯ ಹಿಂದಿನ ಕೋಣೆಯಲ್ಲಿವೆ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಗಾಡಿಗೆ ಏರುವುದಿಲ್ಲ. ಒಂದಕ್ಕೆ ಎರಡೂವರೆ ಅಡಿ ಜಾಗ ಹಿಡಿದು, ಒಂದು ಬದಿಗೆ ಓರೆಯಾಗಿ ಸಾಲು ಹಾಕಿದರೆ ನಡುವೆ ದ್ರೌಪದಿಗೆ ಓಡಾಡಲು ಜಾಗ ಉಳಿಯುತ್ತದೆ, ಹಿರಿಯರ ಮುಖ ಪ್ರೇಕ್ಷಕರ ಕಡೆಗಿರುತ್ತದೆ. ಸೀರೆ ಎಳೆಯುವಷ್ಟು ಹೊತ್ತೂ ಆ ಮುಖಗಳ ಮೇಲೆ ಬೆಳಕಿರಬೇಕು.

ಇನ್ನು ಸೀರೆ. ಅಂಗಡಿಯವರು ಕೊಡುವುದು ಐದೂವರೆ ಮೀಟರಿನ 6 ಸೀರೆ ತುದಿಗೆ ತುದಿ ಜೋಡಿಸಿದ ಸುರುಳಿ, ಒಟ್ಟು 33 ಮೀಟರ್. ಬಟ್ಟೆ ತೆಳ್ಳಗಿನ ಜಾರ್ಜೆಟ್ಟು, ಒಂದೊಂದು ಸೀರೆಗೆ ಒಂದೊಂದು ಬಣ್ಣ. ಇದು ಸರಿಯಾದ ಆಯ್ಕೆ. ಇಳಕಲ್ಲ ಸೀರೆ ನೋಡಲು ಚೆಂದ ಖರೆ, ಆದರೆ ಭಾರಕ್ಕೆ ಸರಾಗ ಹರಿಯುವುದಿಲ್ಲ. ತೊಂದರೆ ಇರುವುದು ಜೋಡಣೆಯಲ್ಲಿ. ಒಂದೆರಡು ಕಡೆ ಹೊಲಿಗೆ ಬಿಟ್ಟಲ್ಲಿ ಗಂಟು ಹಾಕಿಟ್ಟಿದ್ದಾರೆ. ಗಂಟು ಸೊಂಟದ ಪಿನ್ನಿಗೆ ಸಿಕ್ಕರೆ ಸೀರೆ ನಿಂತುಬಿಡುತ್ತದೆ, ದುಃಶಾಸನ ಜಗ್ಗುತ್ತಾನೆ, ಪಾತ್ರಧಾರಿ ಮುಗ್ಗರಿಸುತ್ತಾಳೆ, ಜನ ನಗುತ್ತಾರೆ. ಆ ಜಾಗದಲ್ಲಿ ನಗು ಬಂದರೆ ಇಡೀ ನಾಟಕ ಹೋದಂತೆ. ಸಾಮಾನು ತಂದ ದಿನವೇ ಸುರುಳಿ ಬಿಚ್ಚಿ, ಗಂಟು ತೆಗೆದು ಚಪ್ಪಟೆ ಹೊಲಿಗೆ ಹಾಕಿಸಿರಿ. ಉಟ್ಟ ಸೀರೆ ಗಟ್ಟಿಯಾಗಿ ಪಿನ್ನು ಹಾಕಿದ್ದೇ ಬೇರೆ ಇರಲಿ. ಎಳೆಯುವ ಸುರುಳಿಯ ಕೊನೆಯನ್ನು ಸೆರಗಿನ ಅಡಿಯಿಂದ ಹಾಯಿಸಿ, ಸುರುಳಿಯನ್ನು ವೇದಿಕೆಯ ಬದಿಗೆ ನಿಲ್ಲಿಸುವ ಸೈಡ್ ವಿಂಗಿನ ಮರೆಯಲ್ಲಿ ಒಬ್ಬರು ಬಿಡುತ್ತಾ ಹೋಗಬೇಕು.

ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ದುರ್ಯೋಧನನ ಡ್ರೆಸ್ಸಿನಲ್ಲಿದೆ. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯಬಾರದು ಎಂಬುದು ನಿಯಮ. ಭೀಮ ತೊಡೆಗೆ ಹೊಡೆಯುತ್ತಾನೆ. ಪ್ರತಿಜ್ಞೆ ಉಳಿಯಿತು, ನಿಯಮ ಮುರಿಯಿತು. ನೋಡುವವರ ಮನಸ್ಸು ಎರಡಾಗುವುದು ಅಲ್ಲೇ. ಮುಧೋಳದ ರನ್ನ ಭೀಮನನ್ನೇ ನಾಯಕ ಮಾಡಿ ಗದಾಯುದ್ಧ ಬರೆದರೂ ಓದಿದವರು ದುರ್ಯೋಧನನಿಗೆ ಮರುಗುತ್ತಾರೆ. ಬಾಡಿಗೆ ಡ್ರೆಸ್ಸುಗಳಲ್ಲಿ ಸಾಮಾನ್ಯವಾಗಿ ಮೇಲಂಗಿ, ಸೊಂಟಪಟ್ಟಿ, ಕಚ್ಚೆ ಮೂರೂ ಒಂದೇ ಬಂಗಾರದ ಜರಿ, ಹೊಡೆತ ಎಲ್ಲಿ ಬಿತ್ತೆಂದು ದೂರದಿಂದ ತಿಳಿಯುವುದಿಲ್ಲ. ಇಲ್ಲಿ ಅಂಗೈಯಗಲದ ಬಿಳಿ ಮಣಿಪಟ್ಟಿ, ಅದರ ಕೆಳಗೆ ಕಡುಗೆಂಪು ಕಚ್ಚೆ. ಗದೆ ಪಟ್ಟಿಯನ್ನು ದಾಟಿ ಕೆಳಗಿಳಿದದ್ದು ಕಡೆಯವರಿಗೂ ಕಾಣುತ್ತದೆ. ಯಾರ ತಲೆಗೆ ಹೊಳೆಯಿತೋ, ಅವರಿಗೆ ಕೈ ಮುಗಿಯಬೇಕು. ಗದೆಗಳು ಹಗುರ, ತುದಿಗೆ ಬಟ್ಟೆ ಸುತ್ತಿ ಬಣ್ಣ ಬಳಿದವು. ಹಿಡಿಕೆ ಕೂಡುವಲ್ಲಿ ಅಲುಗಾಡುತ್ತದೆಯೇ ಎಂದು ತಿರುಗಿಸಿ ನೋಡಿ ತನ್ನಿರಿ.

ಅಶ್ವತ್ಥಾಮನ ವೇಷದಲ್ಲಿ ಮಾತ್ರ ಅಂಗಡಿ ಎಡವಿದೆ. ರಕ್ತರಾತ್ರಿ ಅಂದ ಕೂಡಲೇ ಕಪ್ಪು ಡ್ರೆಸ್ಸು, ಕೆದರಿದ ವಿಗ್ಗು ಎತ್ತಿ ಕೊಡುತ್ತಾರೆ. ಮಲಗಿದ್ದ ಉಪಪಾಂಡವರನ್ನು ಕೊಂದವನ ಪಾಪಕ್ಕೆ ಮಾಫಿ ಇಲ್ಲ. ಆದರೆ ಅವನ ತಂದೆ ಸತ್ತದ್ದೂ ಒಂದು ಸುಳ್ಳಿನಿಂದ. ಅವನು ಬಂದೊಡನೆ ರಾಕ್ಷಸನಂತೆ ಕಂಡರೆ ಜನ ಆ ಮೊದಲ ಮೋಸವನ್ನು ಮರೆತೇಬಿಡುತ್ತಾರೆ. ದ್ರೋಣನ ಡ್ರೆಸ್ಸಿನ ಬಣ್ಣವನ್ನೇ ಮಗನಿಗೂ ಕೇಳಿರಿ, ಜನಿವಾರ ಕಾಣುವಂತಿರಲಿ. ಹಣೆಯ ಮಣಿಯನ್ನು ಇಲ್ಲಿ ವಿಗ್ಗಿನ ಪಟ್ಟಿಗೆ ಹೊಲಿದುಬಿಟ್ಟಿದ್ದಾರೆ. ಭಾರತದ ಕಥೆಯಲ್ಲಿ ಅವನು ಆ ಮಣಿಯನ್ನು ಕಳೆದುಕೊಳ್ಳುವುದೇ ಶಿಕ್ಷೆ. ನಿಮ್ಮ ಪ್ರತಿಯಲ್ಲಿ ಆ ದೃಶ್ಯ ಇದ್ದರೆ ಹೊಲಿಗೆ ಬಿಚ್ಚಿ, ಒತ್ತುಗುಂಡಿ ಹಾಕಿಸಿರಿ, ಒಂದೇ ಎಳೆತಕ್ಕೆ ಕೈಗೆ ಬರಬೇಕು. ವಿಗ್ಗು ಸಮೇತ ಕಿತ್ತು ಬಂದರೆ ಆ ಶಿಕ್ಷೆಗೆ ಬೆಲೆ ಉಳಿಯುವುದಿಲ್ಲ.

ಸೌಂಡು ಅಂಗಡಿಯದೇ, ಶಂಖದ ಧ್ವನಿ ಎಲೆಕ್ಟ್ರಾನಿಕ್ ರಿದಂ ಪ್ಯಾಡಿನಲ್ಲಿ ಬರುತ್ತದೆ. ದ್ರೋಣವಧೆ ಇರುವ ನಾಟಕವಾದರೆ ಪ್ಯಾಡ್ ಬಾರಿಸುವವರನ್ನು ತಾಲೀಮಿಗೆ ಒಮ್ಮೆಯಾದರೂ ಕರೆಸಿರಿ. ಧರ್ಮರಾಜ ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ, ‘ಆನೆ’ ಎಂದು ಮೆಲ್ಲಗೆ ಹೇಳುವಾಗ ಇವರು ಶಂಖ ಊದಿಸಿ ಎರಡನೆಯ ಮಾತನ್ನು ಮುಳುಗಿಸಿಬಿಡುತ್ತಾರೆ. ಆ ಮಾತು ಕೇಳಬಾರದ್ದು ದ್ರೋಣನಿಗೆ, ಜನಕ್ಕಲ್ಲ. ಸತ್ಯವಂತ ಅನ್ನಿಸಿಕೊಂಡವನು ಅರ್ಧ ಸುಳ್ಳಿನ ಹಿಂದೆ ಬಚ್ಚಿಟ್ಟುಕೊಂಡದ್ದು ಜನರ ಕಿವಿಗೆ ಬೀಳಬೇಕು. ಧರ್ಮರಾಜ ಮುಂದಿನ ಮೈಕಿನ ಹತ್ತಿರ, ದ್ರೋಣ ಹಿಂದೆ ದೂರ ನಿಲ್ಲಲಿ. ಮಾತು ಪೂರ್ತಿ ಮುಗಿದ ಮೇಲೆ ಶಂಖ.

ಪರದೆಗಳ ಚಿತ್ರ ಚೊಲೊ ಇವೆ, ಅಗಲ 24 ಅಡಿ. 30 ಅಡಿಯ ವೇದಿಕೆ ಕಟ್ಟಿದರೆ ಎರಡೂ ಬದಿಗೆ 3 ಅಡಿ ಬಯಲು ಬೀಳುತ್ತದೆ, ಅದಕ್ಕೆ ವಿಂಗ್ ಜಾಸ್ತಿ ಬೇಕೆಂದು ಮೊದಲೇ ಹೇಳಿರಿ. ಮೇಕಪ್ಪಿನವರು ಕೈ ಪಳಗಿದವರು. ಮೀಸೆ ಅಂಟಿಸುವ ಜಾಗಕ್ಕೆ ಎಣ್ಣೆ ತಾಗದಂತೆ ಒರೆಸಿಕೊಂಡು ಕೂತರೆ ಬೆಳಗಿನವರೆಗೂ ಮೀಸೆ ಬೀಳುವುದಿಲ್ಲ. ಬಿಲ್ಲಿನಲ್ಲಿ ಸೀನು, ಡ್ರೆಸ್ಸು, ಮೇಕಪ್, ಲೈಟು, ಗಾಡಿ ಬಾಡಿಗೆ ಬೇರೆ ಬೇರೆ ಬರೆದು ಕೊಡುತ್ತಾರೆ, ಲೆಕ್ಕದಲ್ಲಿ ಮುಚ್ಚುಮರೆ ಇಲ್ಲ. ಗಾಡಿ ಮಾತ್ರ ಹೇಳಿದ ಹೊತ್ತಿಗೆ ಬರುವುದು ಅಪರೂಪ. ಸಂಜೆ ಆರಕ್ಕೆ ಸಾಮಾನು ಇಳಿದರೆ ಬೆಳಕು ಹೊಂದಿಸಲು ಸಮಯ ಸಿಗದೆ ಎಲ್ಲ ದೃಶ್ಯಕ್ಕೂ ಒಂದೇ ಕೆಂಪು ಲೈಟು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಮಧ್ಯಾಹ್ನ ಎರಡರೊಳಗೆ ಗಾಡಿ ಊರಲ್ಲಿರಬೇಕೆಂದು ಸಂಚಕಾರ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಯುಗಾದಿ ಆಚೀಚೆ ಎಲ್ಲ ಊರಿನ ಜಾತ್ರೆ ಒಟ್ಟಿಗೆ ಬರುವುದರಿಂದ, ಬಿಳಿ ಪಟ್ಟಿಯ ಆ ದುರ್ಯೋಧನನ ಡ್ರೆಸ್ಸು ಒಂದೇ ಇರುವುದರಿಂದ, ತಾಲೀಮು ಶುರುವಾದ ವಾರದಲ್ಲೇ ಹೆಸರು ಹಚ್ಚಿ ಬರುವುದು ಒಳ್ಳೆಯದು.