ಎಲ್ಬ್ರುಸ್‌ಗೆ ಹೊರಟವರ ಗಮನಕ್ಕೆ: ನಾನು ಮುಚ್ಚಿಟ್ಟ ತಲೆನೋವು

ರಷ್ಯಾದ ಕಾಕಸಸ್ ಶ್ರೇಣಿಯಲ್ಲಿರುವ ಎಲ್ಬ್ರುಸ್ ಪರ್ವತಕ್ಕೆ ಹೊರಟಿರುವವರು, ಅದರಲ್ಲೂ ಒಂದು ವಾರದೊಳಗೆ ಹತ್ತಿಳಿಸುವ ಪ್ಯಾಕೇಜಿಗೆ ಹಣ ಕಟ್ಟಲು ಸಿದ್ಧರಾಗಿರುವವರು, ಇದನ್ನು ದಯವಿಟ್ಟು ಓದಬೇಕು. 5,642 ಮೀಟರ್ ಎತ್ತರದ ಈ ಪರ್ವತದ ದಕ್ಷಿಣ ಮಾರ್ಗ ತಾಂತ್ರಿಕವಾಗಿ ಅಷ್ಟೇನೂ ಕಠಿಣವಲ್ಲ ಎಂಬ ಮಾತು ನಿಜ. ನನ್ನನ್ನು ಕೆಡವಿದ್ದೂ ಆ ಮಾತೇ. ಶಿಖರದ ದಿನ ಬರುವುದಕ್ಕೆ ಮೊದಲೇ, ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಲೆಂದು ಪಾಸ್ತುಖೋವ್ ಬಂಡೆಗಳವರೆಗೆ ಹತ್ತಿ ಇಳಿಯುವ ದಿನವೇ ನಾನು ನೆಲ ಹಿಡಿದೆ.

ಆಯೋಜಕರು ಮೊದಲು ಕೊಟ್ಟಿದ್ದ ಕಾರ್ಯಕ್ರಮದಲ್ಲಿ ಎರಡು ರಾತ್ರಿ ಕಣಿವೆಯಲ್ಲಿ ಮಲಗುವುದು, ನಡುವಿನ ಹಗಲಿನಲ್ಲಿ ಎದುರಿನ ಚೆಗೆಟ್ ಬೆಟ್ಟವನ್ನು ಮೂರು ಸಾವಿರ ಮೀಟರಿನವರೆಗೆ ಹತ್ತಿ ಇಳಿಯುವುದು ಎಂದಿತ್ತು. ವಾರದ ಕೊನೆಗೆ ಹವೆ ಕೆಡಲಿದೆಯೆಂಬ ಮುನ್ಸೂಚನೆ ಬಂದದ್ದರಿಂದ ಆ ದಿನವನ್ನು ಕೈಬಿಟ್ಟರು. ನಾವು ಆರು ಜನರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಒಂದು ದಿನ ಉಳಿಯಿತೆಂದು ಖುಷಿಪಟ್ಟವರೂ ನಾವೇ. ಮರುದಿನ 2,350 ಮೀಟರ್ ಎತ್ತರದ ಅಜಾವುವಿನಲ್ಲಿ ಕೇಬಲ್ ಕಾರು ಹತ್ತಿ, ಸುಮಾರು 3,850 ಮೀಟರ್ ಎತ್ತರದ ಗರಬಾಶಿಯಲ್ಲಿ ಇಳಿದು, ಅಲ್ಲಿಯೇ ಹಾಸಿಗೆ ಹಾಸಿದೆವು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಮೇಲೇರದೆ ತಂಗಬೇಕು ಎಂಬ ವೈದ್ಯರ ಸಲಹೆಯನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಅದು ದುರ್ಬಲರಿಗೆ ಹೇಳಿದ್ದು ಎಂದುಕೊಂಡಿದ್ದೆ.

ಎತ್ತರ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಅದು ಶೇ. 21ರಷ್ಟೇ ಇರುತ್ತದೆ; ಕುಗ್ಗುವುದು ಗಾಳಿಯ ಒತ್ತಡ. 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಸರಿಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಕೊರತೆ ತುಂಬಿಕೊಳ್ಳಲು ದೇಹ ಹೆಚ್ಚು ಉಸಿರಾಡುತ್ತದೆ, ಅದರಿಂದ ರಕ್ತದ ಕ್ಷಾರಗುಣ ಏರುತ್ತದೆ, ಅದನ್ನು ಸರಿದೂಗಿಸಲು ಮೂತ್ರಪಿಂಡಗಳಿಗೆ ಕೆಲವು ದಿನಗಳು ಬೇಕು. ಮ್ಯಾರಥಾನ್ ಓಡಿ ಗಟ್ಟಿಯಾದ ಕಾಲುಗಳಿಗಾಗಿ ಮೂತ್ರಪಿಂಡಗಳು ಅವಸರ ಮಾಡುವುದಿಲ್ಲ.

ಆ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಹಣೆಯಲ್ಲಿ ಶುರುವಾದ ನೋವು ಬೆಳಗಿನ ಜಾವ ಕಣ್ಣಿನ ಹಿಂದಕ್ಕೆ ಇಳಿದಿತ್ತು. ನಾನು ಯಾರಿಗೂ ಹೇಳದೆ ಎರಡು ನೋವುನಿವಾರಕ ಮಾತ್ರೆ ನುಂಗಿದೆ, ತಿಂಡಿಯನ್ನು ತಟ್ಟೆಯಲ್ಲಿ ಕೆದಕಿ ಬಿಟ್ಟೆ, ಹೇಗಿದ್ದೀರಿ ಎಂದು ಗೈಡ್ ಕೇಳಿದಾಗ ಚೆನ್ನಾಗಿದ್ದೇನೆ ಎಂದೆ. ಇಡೀ ಅನಾಹುತದಲ್ಲಿ ಆಯೋಜಕರ ಪಾಲು ಎಷ್ಟಿದೆಯೋ ಈ ಸುಳ್ಳಿನ ಪಾಲೂ ಅಷ್ಟೇ ಇದೆ. ಮಾತ್ರೆ ನೋವನ್ನು ತಗ್ಗಿಸಿತೇ ಹೊರತು ಎತ್ತರದ ಕಾಯಿಲೆಯನ್ನು ತಗ್ಗಿಸಲಿಲ್ಲ. ವೈದ್ಯರು ಮುಂಜಾಗ್ರತೆಗೆಂದು ಬರೆದುಕೊಟ್ಟಿದ್ದ, ದೇಹ ಎತ್ತರಕ್ಕೆ ಬೇಗ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ, ಮೇಲೇರುವ ಹಿಂದಿನ ದಿನವೇ ಶುರುಮಾಡಬೇಕಾದದ್ದು, ಚೀಲದಲ್ಲಿ ಒಡೆಯದೆ ಉಳಿದಿತ್ತು.

ಪಾಸ್ತುಖೋವ್ ಬಂಡೆಗಳು, 1890ರಲ್ಲಿ ಎಲ್ಬ್ರುಸ್ ಏರಿದ ರಷ್ಯಾದ ಸರ್ವೇಕ್ಷಕರ ಹೆಸರಿನವು, ಸುಮಾರು 4,700 ಮೀಟರ್ ಎತ್ತರದಲ್ಲಿವೆ. ದಾರಿಯುದ್ದಕ್ಕೂ ನಾವು ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಪರೀಕ್ಷೆಯ ಅಂಕಗಳಂತೆ ಸಂಖ್ಯೆಗಳನ್ನು ಹೋಲಿಸಿಕೊಂಡೆವು. (ಬೆರಳು ತಣ್ಣಗಾಗಿದ್ದರೆ ಆ ಯಂತ್ರ ತಪ್ಪು ತೋರಿಸುತ್ತದೆ, ಅದನ್ನು ನಂಬಿ ಹಿಗ್ಗುವುದೂ ಹೆದರುವುದೂ ವ್ಯರ್ಥ.) ಬಂಡೆಗಳ ಬಳಿ ಹತ್ತು ನಿಮಿಷ ನಿಲ್ಲಬೇಕಾದವರು ಫೋಟೊ ತೆಗೆಯುತ್ತ ಮುಕ್ಕಾಲು ಗಂಟೆ ಕುಳಿತೆವು. ಅಷ್ಟರಲ್ಲಿ ಕೆಳಗಿನ ಇಳಿಜಾರನ್ನು ಮೋಡ ನುಂಗಿತ್ತು. ಬಿಳಿ ಹಿಮದ ಮೇಲೆ ಬಿಳಿ ಮಂಜು ಕವಿದರೆ ನೆಲ ಯಾವುದು, ಗಾಳಿ ಯಾವುದು ಎಂದು ತಿಳಿಯುವುದಿಲ್ಲ. ಆ ಅಗಲವಾದ ಇಳಿಜಾರಿನಲ್ಲಿ ಹಾದಿ ತಪ್ಪಿ ಹಿಮನದಿಯ ಬಿರುಕುಗಳತ್ತ ಹೋಗಿ ಸತ್ತವರಿದ್ದಾರೆ.

ಹೊರಡಲೆಂದು ಎದ್ದು ಬೆನ್ನುಚೀಲದ ಸೊಂಟಪಟ್ಟಿಯ ಬಕಲ್ ಹಾಕಿಕೊಳ್ಳಲು ಹೋದೆ. ಎರಡು ತುದಿಗಳೂ ಕೈಯಲ್ಲಿದ್ದವು, ಒಂದರೊಳಗೆ ಇನ್ನೊಂದನ್ನು ತೂರಿಸಬೇಕೆಂಬುದು ಹೊಳೆಯಲಿಲ್ಲ. ಮೂರು ಸಲ ಪಕ್ಕಪಕ್ಕಕ್ಕೆ ಇಟ್ಟು ಒತ್ತಿದೆ. ಅದನ್ನು ನೋಡಿದ ಗೈಡ್ ಐಸ್ ಆಕ್ಸ್‌ನಿಂದ ಹಿಮದ ಮೇಲೆ ಗೆರೆ ಎಳೆದು, ಒಂದು ಹೆಜ್ಜೆಯ ಹಿಮ್ಮಡಿಯನ್ನು ಇನ್ನೊಂದರ ತುದಿಗೆ ತಾಗಿಸಿ ನಡೆಯಲು ಹೇಳಿದರು. ನಾಲ್ಕನೆಯ ಹೆಜ್ಜೆಗೆ ಪಕ್ಕಕ್ಕೆ ಉರುಳಿದೆ. ಎತ್ತರದಲ್ಲಿ ನಡಿಗೆಯ ಸಮತೋಲ ತಪ್ಪುವುದು ಮಿದುಳು ಊದಿಕೊಳ್ಳುತ್ತಿರುವುದರ ಲಕ್ಷಣ. ಅದಕ್ಕೆ ತಕ್ಷಣ ಕೆಳಗಿಳಿಯುವುದೇ ಚಿಕಿತ್ಸೆ, ಮಿಕ್ಕದ್ದೆಲ್ಲ ಇಳಿಯುವವರೆಗಿನ ಆಸರೆ. ಅವರು ಮಿದುಳಿನ ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಔಷಧಿ ಕೊಟ್ಟು, ರಾಟ್ರ್ಯಾಕ್ ಎಂಬ ಹಿಮದ ಬಂಡಿಯನ್ನು ಕರೆಸಿ ಗರಬಾಶಿಗೆ ಇಳಿಸಿದರು. ಕೇಬಲ್ ಕಾರು ಆ ದಿನದ ಕೊನೆಯ ಸರದಿಯಲ್ಲಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಈಗಲೂ ಇಷ್ಟವಿಲ್ಲ.

ಆದ್ದರಿಂದ ಹಣ ಕಟ್ಟುವ ಮುನ್ನ ಪ್ರತಿ ರಾತ್ರಿ ಎಷ್ಟು ಮೀಟರ್ ಎತ್ತರದಲ್ಲಿ ಮಲಗಿಸುತ್ತಾರೆಂಬುದನ್ನು ಬರೆದು ಪಡೆದುಕೊಳ್ಳಿ, ಹವೆ ಕೆಟ್ಟರೆ ಯಾವ ದಿನವನ್ನು ಕೈಬಿಡುತ್ತಾರೆಂದು ಕೇಳಿ. ಒಗ್ಗಿಸಿಕೊಳ್ಳುವ ದಿನವನ್ನೇ ಕೈಬಿಡುತ್ತೇವೆ ಎಂದರೆ, ಅಥವಾ ಬಂಡೆಗಳವರೆಗೆ ಬಂಡಿಯಲ್ಲೇ ಕರೆದೊಯ್ದು ಅದನ್ನೇ ಅಭ್ಯಾಸವೆಂದು ಲೆಕ್ಕ ಹಿಡಿಯುತ್ತೇವೆ ಎಂದರೆ, ಬೇರೆಯವರನ್ನು ಹುಡುಕಿ. ಹಿಂದಿನ ರಾತ್ರಿ ತಲೆನೋವಿದ್ದರೆ ಮಾತ್ರೆ ನುಂಗುವ ಮೊದಲೇ ಗೈಡ್‌ಗೆ ಹೇಳಿ. ಅದು ಇಳಿಯುವವರೆಗೆ ಮೇಲಕ್ಕೆ ಹೆಜ್ಜೆ ಇಡಬೇಡಿ. ನನ್ನ ತಲೆನೋವು ಅಜಾವು ತಲುಪಿದ ರಾತ್ರಿಯೇ ಇಳಿಯಿತು, ಬಕಲ್ ಮರುದಿನ ಬೆಳಿಗ್ಗೆ ಮೊದಲ ಸಲಕ್ಕೇ ಕೂತಿತು.