ದಿ ಎಕ್ಸ್‌ಎಕ್ಸ್ ಮೊದಲ ಆಲ್ಬಂ: ಖಾಲಿ ಜಾಗವೂ ನುಡಿಯುವ 38 ನಿಮಿಷ

ಫೋನಿನ ಸ್ಪೀಕರಿನಲ್ಲಿ ಈ ಆಲ್ಬಂ ಹಚ್ಚಿದರೆ ಎರಡನೇ ಹಾಡಿಗೇ ‘ಇದರಲ್ಲಿ ಏನಿದೆ’ ಅನ್ನಿಸಿಬಿಡುತ್ತದೆ. ಅದು ಕೇಳುಗರ ತಪ್ಪಲ್ಲ. ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 41 ಸಲ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ಬೇರೆ ಪಾಪ್ ಹಾಡುಗಳಲ್ಲಾದರೆ ಮಂದ್ರ ಹೋದರೂ ಮೇಲೆ ಹತ್ತಾರು ವಾದ್ಯ ಉಳಿದಿರುತ್ತವೆ, ಹಾಡು ನಡೆದುಹೋಗುತ್ತದೆ. ಇಲ್ಲಿ ಹೆಚ್ಚಿನ ಹಾಡುಗಳಲ್ಲಿ ಇರುವುದೇ ಒಂದು ಗಿಟಾರ್, ಒಂದು ಬೇಸ್, ಒಂದು ತಾಳ, ಎರಡು ದನಿ. ಬೇಸ್ ಹೋಯಿತೆಂದರೆ ಅರ್ಧ ಹಾಡು ಹೋದಂತೆ. ಈ ಬ್ಯಾಂಡನ್ನು ಹೊಸದಾಗಿ ಕೇಳುವವರಿಗೆ ಮೊದಲ ಮಾತು ಇದೇ: ಹೆಡ್‌ಫೋನ್ ಹಾಕಿಕೊಳ್ಳಿ.

ದಿ ಎಕ್ಸ್‌ಎಕ್ಸ್ ಲಂಡನ್ನಿನ ಬ್ಯಾಂಡ್. ಆಲ್ಬಮ್ಮಿನ ಹೆಸರೂ ಬರೀ ‘ಎಕ್ಸ್‌ಎಕ್ಸ್’. ಕಪ್ಪು ಹಿನ್ನೆಲೆ, ನಡುವೆ ಬಿಳಿಯ ದೊಡ್ಡ ಎಕ್ಸ್ ಅಕ್ಷರ, ಮುಖಪುಟಕ್ಕೆ ಅಷ್ಟೇ. 2009ರ ಆಗಸ್ಟಿನಲ್ಲಿ ಯಂಗ್ ಟರ್ಕ್ಸ್ ಲೇಬಲ್ಲಿನಿಂದ ಹೊರಬಂತು, ಮರುವರ್ಷ ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ರೋಮಿ ಮ್ಯಾಡ್ಲಿ ಕ್ರಾಫ್ಟ್ ಗಿಟಾರ್ ಮತ್ತು ಗಾಯನ, ಆಲಿವರ್ ಸಿಮ್ ಬೇಸ್ ಮತ್ತು ಗಾಯನ, ಬರಿಯಾ ಖುರೇಶಿ ಕೀಬೋರ್ಡ್ ಮತ್ತು ಗಿಟಾರ್, ಜೇಮಿ ಸ್ಮಿತ್ ತಾಳ. ನಾಲ್ವರೂ ಓದಿದ್ದು ನೈಋತ್ಯ ಲಂಡನ್ನಿನ ಎಲಿಯಟ್ ಶಾಲೆಯಲ್ಲಿ. ಆಲ್ಬಂ ಬಂದಾಗ ಎಲ್ಲರೂ ಇಪ್ಪತ್ತರ ಆಸುಪಾಸು. ಅದೇ ವರ್ಷದ ಕೊನೆಯ ಹೊತ್ತಿಗೆ ಬರಿಯಾ ಬ್ಯಾಂಡ್ ಬಿಟ್ಟರು. ಹಾಗಾಗಿ ನಾಲ್ವರೂ ಕೂಡಿ ಮಾಡಿದ ಆಲ್ಬಂ ಇದೊಂದೇ.

ರೆಕಾರ್ಡಿಂಗ್ ನಡೆದದ್ದು ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಕಂಪನಿಯವರು ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಒಂದು ಸಣ್ಣ ಜಾಗದಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು. ಹೊರಗಿನ ನಿರ್ಮಾಪಕರ ಜೊತೆ ಪ್ರಯತ್ನಿಸಿದ್ದು ಕೈಹಿಡಿಯಲಿಲ್ಲ. ಕಡೆಗೆ ನಿರ್ಮಾಣದ ಹೊಣೆ ಜೇಮಿಗೇ ಬಂತು, ಎಂಜಿನಿಯರ್ ಆಗಿ ರೋರಿ ಮ್ಯಾಕ್‌ಡೊನಾಲ್ಡ್ ಜೊತೆಗೂಡಿದರು. ಈ ನಿರ್ಧಾರದ ಗುರುತು ಇಡೀ ಆಲ್ಬಮ್ಮಿನ ಮೇಲಿದೆ. ವೇದಿಕೆಯ ಮೇಲೆ ತಮ್ಮ ಕೈಯಲ್ಲಿ ನುಡಿಸಲು ಆಗುವಷ್ಟನ್ನೇ ಇಟ್ಟುಕೊಂಡು ಹಾಡು ಕಟ್ಟಿದ್ದಾರೆ. ಡ್ರಮ್ಮರ್ ಇಲ್ಲ. ಜೇಮಿ ಎಂಪಿಸಿ ಎಂಬ ಯಂತ್ರದ ರಬ್ಬರ್ ಗುಂಡಿಗಳನ್ನು ಬೆರಳಿನಿಂದ ಬಡಿದು ತಾಳ ಕೊಡುತ್ತಾರೆ. ರೋಮಿ ಕಾರ್ಡ್ ಹಿಡಿದು, ಅಂದರೆ ಹಲವು ಸ್ವರ ಒಟ್ಟಿಗೆ ಹೊರಡುವಂತೆ, ಗಿಟಾರ್ ಬಾರಿಸುವುದು ಅಪರೂಪ. ಒಂದೊಂದೇ ತಂತಿ ಮೀಟುತ್ತಾರೆ, ಆ ಒಂದು ಸ್ವರಕ್ಕೆ ರಿವರ್ಬ್ (ದೊಡ್ಡ ಕೋಣೆಯಲ್ಲಿ ಉಳಿಯುವಂಥ ಮಾರ್ದನಿ) ಹಚ್ಚಿ ದೂರದವರೆಗೆ ಹರಿಯಬಿಡುತ್ತಾರೆ. ಸ್ವರ ಹುಟ್ಟಿದ ಗಳಿಗೆಗಿಂತ ಅದು ಕರಗುವ ಹೊತ್ತೇ ಉದ್ದ. ಆ ಕರಗುವ ಹೊತ್ತಿನಲ್ಲಿ ಬೇಸ್ ಬಂದು ರಾಗವನ್ನು ಕೈಗೆತ್ತಿಕೊಳ್ಳುತ್ತದೆ. ಗಿಟಾರ್ ಕೇಳಿದ ಪ್ರಶ್ನೆಗೆ ಬೇಸ್ ಉತ್ತರ ಕೊಟ್ಟಂತೆ.

ಇದನ್ನು ಹತ್ತಿರದಿಂದ ಕೇಳಬೇಕೆಂದರೆ ಮೂರನೇ ಹಾಡು ‘ಕ್ರಿಸ್ಟಲೈಸ್ಡ್’ ಸಾಕು. ಮೂರು ನಿಮಿಷ ಚಿಲ್ಲರೆ. ಗಿಟಾರಿನ ಸಣ್ಣ ಎಳೆಯೊಂದರಿಂದ ಶುರುವಾಗುತ್ತದೆ, ಆಲಿವರ್ ಮತ್ತು ರೋಮಿ ಸರದಿಯಲ್ಲಿ ಹಾಡುತ್ತಾರೆ. ಕೊನೆಯ ಭಾಗದಲ್ಲಿ ಇಬ್ಬರೂ ಒಟ್ಟಿಗೆ ಬರುತ್ತಾರೆ, ಆದರೆ ಬೇರೆ ಬೇರೆ ಸಾಲು ಹಿಡಿದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು. ಮೊದಲ ಸಲ ಒಬ್ಬರ ದನಿಯನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಇನ್ನೊಬ್ಬರದನ್ನು. ಮೂರನೇ ಸಲಕ್ಕೆ ಎರಡೂ ಒಟ್ಟಿಗೆ ಹೊಂದಿಕೊಳ್ಳುತ್ತವೆ. ಇಬ್ಬರೂ ಹಾಡುವುದು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೇ. ಎಲ್ಲಿಯೂ ಕಂಠ ಏರಿಸುವುದಿಲ್ಲ.

ಸಾಹಿತ್ಯ ಹೆಚ್ಚುಕಡಿಮೆ ಎಲ್ಲವೂ ‘ನಾನು–ನೀನು’ ಎಂಬ ನೆಲೆಯಲ್ಲೇ ಇದೆ. ‘ಅವನು’, ‘ಅವಳು’ ಎನ್ನುವುದನ್ನು ಇಬ್ಬರೂ ಬೇಕೆಂದೇ ದೂರವಿಟ್ಟವರು. ತಂತಮ್ಮ ಸಾಲುಗಳನ್ನು ಬೇರೆ ಬೇರೆ ಕೂತು ಬರೆದು, ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ಹೊಂದಿಸಿದ್ದಾರೆ. ಎಳವೆಯಿಂದಲೂ ಗೆಳೆಯರಾದ ಇವರು ಪ್ರೇಮಿಗಳಲ್ಲ. ಹಾಗಾಗಿ ಇವು ಯುಗಳಗೀತೆಗಳಂತೆ ಕೇಳಿದರೂ ನಿಜದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು ಅಕ್ಕಪಕ್ಕ ನಿಂತು ತಂತಮ್ಮ ನೋವು ಹೇಳಿಕೊಂಡಂತೆ. ಈ ಆಲ್ಬಂ ಮನಸ್ಸಿಗೆ ಇಷ್ಟು ಹತ್ತಿರವಾಗುವುದಕ್ಕೆ ಇದು ದೊಡ್ಡ ಕಾರಣ.

ಒಟ್ಟು 11 ಹಾಡು. ‘ಇಂಟ್ರೋ’ದಲ್ಲಿ ಮಾತಿಲ್ಲ, ಎರಡು ನಿಮಿಷದ ವಾದನ ಮತ್ತು ಬರೀ ಸ್ವರ ಹಿಡಿದ ದನಿ, 2010ರ ಬ್ರಿಟನ್ ಚುನಾವಣೆಯ ಪ್ರಸಾರದಲ್ಲಿ ಬಿಬಿಸಿ ಬಳಸಿದ್ದರಿಂದ ಬ್ಯಾಂಡಿನ ಹೆಸರು ಗೊತ್ತಿಲ್ಲದವರ ಕಿವಿಗೂ ಬಿದ್ದಿತ್ತು. ‘ಐಲ್ಯಾಂಡ್ಸ್’ ಮೂರು ನಿಮಿಷವೂ ಇಲ್ಲದ ಅಚ್ಚುಕಟ್ಟಾದ ಪಾಪ್ ಹಾಡು, ಇಡೀ ಆಲ್ಬಮ್ಮಿನಲ್ಲಿ ಬೇಗ ಬಾಯಿಗೆ ಬರುವುದು ಅದೇ. ‘ಶೆಲ್ಟರ್’ನಲ್ಲಿ ರೋಮಿ ಒಬ್ಬರದೇ ದನಿ, ತಾಳವನ್ನು ತೀರಾ ಹಿಂದಕ್ಕೆ ಸರಿಸಿ ಕ್ಷಮೆ ಕೇಳುವ ಹಾಡನ್ನು ಹಾಗೇ ಬಿಟ್ಟಿದ್ದಾರೆ. ಎಲ್ಲಕ್ಕಿಂತ ಉದ್ದದ್ದು ‘ಇನ್ಫಿನಿಟಿ’, ಐದು ನಿಮಿಷ ದಾಟುತ್ತದೆ. ಜಾರುವ ಗಿಟಾರಿನ ನಡುವೆ ಚಾಟಿ ಬೀಸಿದಂತಹ ಒಂದೊಂದು ಏಟು. ಮುಂದಿನದು ಯಾವಾಗ ಎಂದು ಕಾಯುವಂತೆ ಮಾಡುತ್ತದೆ. ಇಡೀ ಆಲ್ಬಮ್ಮಿನ ತಾಳದ ಬಾಗು ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಸಂಗೀತದ ಕಡೆಗಿದೆ. ಗಾಯಕಿ ಆಲಿಯಾ ಹಾಡಿದ್ದ ‘ಹಾಟ್ ಲೈಕ್ ಫೈರ್’ ಅನ್ನು ಇವರು ತಮ್ಮದೇ ರೀತಿಯಲ್ಲಿ ಹಾಡಿರುವುದನ್ನು ಕೇಳಿದರೆ ನಂಟು ತಿಳಿಯುತ್ತದೆ.

ಕೊರತೆಯೂ ಇದೆ. ಎಲ್ಲ ಹಾಡಿಗೂ ಒಂದೇ ಮಬ್ಬು, ಹೆಚ್ಚುಕಡಿಮೆ ಒಂದೇ ನಡೆ. ‘ಫ್ಯಾಂಟಸಿ’ ಹಾಡಾಗುವ ಮೊದಲೇ ಮುಗಿದುಹೋಗುತ್ತದೆ, ಅದರ ಬೆನ್ನಿಗೇ ‘ಶೆಲ್ಟರ್’ ಇರುವುದರಿಂದ ನಡುವೆ ಆಲ್ಬಂ ತುಸು ಜಡವಾಗುತ್ತದೆ. ‘ಬೇಸಿಕ್ ಸ್ಪೇಸ್’ ಬಂದು ಎಬ್ಬಿಸಬೇಕು. ಆಲಿವರ್ ಪದಗಳನ್ನು ಬಾಯೊಳಗೇ ನುಂಗುವುದರಿಂದ ಕೆಲವು ಸಾಲು ಸಾಹಿತ್ಯ ಕೈಯಲ್ಲಿ ಹಿಡಿಯದೆ ತಿಳಿಯುವುದಿಲ್ಲ. ನಾಲ್ಕು ಜನ ಸೇರಿದ ಕಡೆ, ಓಡುವ ಕಾರಿನಲ್ಲಿ ಇದನ್ನು ಹಾಕಬೇಡಿ. ಚಕ್ರದ ಸದ್ದು ಮತ್ತು ಬೇಸ್ ಎರಡೂ ಒಂದೇ ಕೆಳಗಿನ ಸ್ವರಮಟ್ಟದಲ್ಲಿ ಇರುವುದರಿಂದ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ.

ಕೇಳುವ ಸಾಧನ ಸರಿಯಿದೆಯೇ ಎಂದು ನೋಡಲು ಆ ‘ಫ್ಯಾಂಟಸಿ’ಯೇ ಒಳ್ಳೆಯ ಪರೀಕ್ಷೆ. ಅದರ ಎರಡನೇ ಅರ್ಧದಲ್ಲಿ ಆಳದಿಂದ ಬೇಸ್ ಉಬ್ಬಿ ಬರುತ್ತದೆ. ಇಯರ್‌ಫೋನಿನಲ್ಲಿ ಅದು ತೆಳುವಾಗಿ ಕೇಳಿದರೆ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂತಿಲ್ಲ, ಸಂದಿಯಿಂದ ಬೇಸ್ ಸೋರುತ್ತಿದೆ. ಒಂದು ಅಳತೆ ದೊಡ್ಡ ತುದಿ ಹಾಕಿ ನೋಡಿ. ಕೋಣೆಯ ಸ್ಪೀಕರಿನಲ್ಲಿ ಒಂದೇ ಸ್ವರ ಗುಂಯ್‌ಗುಟ್ಟಿ ಉಳಿದವು ಅಡಗಿದರೆ ಅದು ಮೂಲೆಯ ಕೆಲಸ, ಸ್ಪೀಕರನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯಿರಿ. ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ದನಿ ಜೋರು ಮಾಡಿದಾಗ ಬೇಸ್ ಬಿದ್ದ ಕೂಡಲೇ ಗಾಯನ ಕುಗ್ಗುವುದುಂಟು. ಸ್ಪೀಕರ್ ಹರಿಯದಂತೆ ಒಳಗಿನ ಲಿಮಿಟರ್ ಇಡೀ ಸದ್ದನ್ನು ಅದುಮುತ್ತದೆ, ಅಷ್ಟೇ. ದನಿ ಇಳಿಸಿದರೆ ಸರಿಹೋಗುತ್ತದೆ. ಬೇಸ್ ಬೂಸ್ಟ್ ಗುಂಡಿ ಮುಟ್ಟಬೇಡಿ. ಅದು ಸ್ವರಗಳ ನಡುವಿನ ತೆರಪನ್ನು ತುಂಬಿಬಿಡುತ್ತದೆ, ಇಲ್ಲಿ ಬೇಕಾದದ್ದೇ ಆ ತೆರಪು.

ಆ್ಯಪ್‌ನಲ್ಲಿ ಹಾಡಿನ ಕ್ರಮ ಕಲಸುವ ಶಫಲ್, ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ. ದನಿಮಟ್ಟ ಸರಿದೂಗಿಸುವ ಆಯ್ಕೆ ಇದ್ದರೆ ಹಾಡಿನ ಲೆಕ್ಕದಲ್ಲಿ ಬೇಡ, ಆಲ್ಬಮ್ಮಿನ ಲೆಕ್ಕದಲ್ಲಿ ಇಡಿ. ಇಲ್ಲದಿದ್ದರೆ ಮೆಲ್ಲಗಿರಬೇಕಾದ ಹಾಡನ್ನೂ ಯಂತ್ರ ಎತ್ತಿ ಉಳಿದವುಗಳ ಸಮಕ್ಕೆ ನಿಲ್ಲಿಸುತ್ತದೆ. ಆಟೋಪ್ಲೇಯನ್ನಂತೂ ಮರೆಯದೆ ನಿಲ್ಲಿಸಿ. ಕೊನೆಯ ‘ಸ್ಟಾರ್ಸ್’ ಅಷ್ಟು ಮೆಲ್ಲಗೆ ನಡೆದು ಮುಗಿದ ಮೇಲೆ ಬೇರೆ ಯಾರದೋ ಡ್ರಮ್ಸ್ ಬಂದು ಬೀಳಬಾರದು.