ಡಾಲ್ಫಿನ್, ಸ್ನಾರ್ಕಲಿಂಗ್ ಅಂತ ಹುಬ್ಬಳ್ಳಿಯಲ್ಲಿ ಮಾರುತ್ತಿರುವ ಕಾರವಾರ ಪ್ಯಾಕೇಜ್ ಬಗ್ಗೆ ದಯವಿಟ್ಟು ಹುಷಾರಾಗಿರಿ

ರಜೆ ಹತ್ತಿರ ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾಹೀರಾತು ಓಡಾಡಲು ಶುರುವಾಗುತ್ತದೆ. ರಾತ್ರಿ ಹೊಸೂರು ಸರ್ಕಲ್‌ನಿಂದ ಬಸ್, ಬೆಳಗ್ಗೆ ಕಾರವಾರ, ಅರ್ಧ ದಿನ ದೋಣಿಯಲ್ಲಿ ಸುತ್ತಾಟ, ಡಾಲ್ಫಿನ್ ಗ್ಯಾರಂಟಿ, ಸ್ನಾರ್ಕಲಿಂಗ್ (ಮಾಸ್ಕ್, ಬಾಯಿಗೆ ಪೈಪ್ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು), ಮಧ್ಯಾಹ್ನ ಊಟ, ರಾತ್ರಿ ವಾಪಸ್. ತಲೆಗೆ 2,800 ರೂಪಾಯಿ. ನಾವು ಇದೇ ಪ್ಯಾಕೇಜ್ ತೆಗೆದುಕೊಂಡು ಹೋಗಿ ಬಂದೆವು. ನನ್ನ ಮೈದುನನ ಹತ್ತು ವರ್ಷದ ಮಗಳು ಕೂದಲೆಳೆಯಲ್ಲಿ ಉಳಿದಳು. ಅದೇ ಜಾಹೀರಾತು ಈಗ ಮತ್ತೆ ಓಡಾಡುತ್ತಿದೆ, ಫೋಟೋ ಕೂಡ ಬದಲಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಜೆನ್ಸಿಯ ಹೆಸರು ಹಾಕುತ್ತಿಲ್ಲ, ಏಕೆಂದರೆ ದೂರು ಕೊಡುವ ಕೆಲಸ ನಡೆದಿದೆ. ಆದರೆ ಹೀಗೆ ಮಾರುವವರು ಅವರೊಬ್ಬರೇ ಅಲ್ಲ.

ಮೊದಲು ಆ ಫೋಟೋ ವಿಷಯ. ತಳ ಕಾಣುವ ನೀಲಿ ನೀರು, ಹವಳ, ಬಣ್ಣಬಣ್ಣದ ಮೀನು. ನಮ್ಮ ಕರಾವಳಿಯಲ್ಲಿ ಅಂಥ ನೀರಿಗೆ ಹೆಸರಾದ ಜಾಗ ನೇತ್ರಾಣಿ ದ್ವೀಪ. ಅದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ಇದೆ. ಕಾರವಾರದಿಂದ ಮುರುಡೇಶ್ವರಕ್ಕೇ ರಸ್ತೆಯಲ್ಲಿ ನೂರು ಕಿಲೋಮೀಟರಿಗಿಂತ ಜಾಸ್ತಿ. ಕಾರವಾರದಲ್ಲಿ ನಮ್ಮನ್ನು ಇಳಿಸಿದ್ದು ಕಾಳಿ ನದಿ ಸಮುದ್ರ ಸೇರುವ ಕಡೆ. ನದಿ ತರುವ ಕೆಸರು ಅಲ್ಲಿ ನೀರಲ್ಲಿ ಬೆರೆತಿರುತ್ತದೆ, ಮೊಣಕಾಲು ಮಟ್ಟದ ನೀರಿನಲ್ಲೇ ಪಾದ ಕಾಣುವುದಿಲ್ಲ. ಕಾರವಾರದ ಕಡಲು ಚೆಂದ, ಅದರ ಬಗ್ಗೆ ತಕರಾರಿಲ್ಲ. ಆದರೆ ಹವಳ ನೋಡುವ ಆಸೆಯಿಂದ ದುಡ್ಡು ಕೊಟ್ಟವರನ್ನು ಅಲ್ಲಿಗೆ ಕರೆದೊಯ್ಯುವುದು ಮೋಸ.

ಎರಡನೆಯದು ಹೊತ್ತು. ಏಳು ಗಂಟೆಗೆ ದೋಣಿ ಅಂದಿದ್ದರು. ಅರಬೈಲ್ ಘಟ್ಟ ಇಳಿದು ನಸುಕಿನಲ್ಲೇ ತಲುಪಿದ್ದೆವು. ಗದಗಿನಿಂದ ಇನ್ನೊಂದು ಬಸ್ ಬರಬೇಕು ಅಂತ ಮಕ್ಕಳನ್ನೆಲ್ಲ ಮರಳಿನ ಮೇಲೆ ಕೂರಿಸಿದರು. ದೋಣಿ ಹತ್ತಿದಾಗ ಹತ್ತೂವರೆ ದಾಟಿತ್ತು. ಇದು ಬರೀ ತಡ ಆಯಿತು ಎನ್ನುವ ಮಾತಲ್ಲ. ಚಳಿಗಾಲ, ಬೇಸಿಗೆಯಲ್ಲಿ ಬೆಳಗ್ಗೆ ಸಮುದ್ರ ಸಮಾಧಾನವಾಗಿ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ದಡದ ಕಡೆ ಗಾಳಿ ಬೀಸಲು ಶುರುವಾಗುತ್ತದೆ, ಅದರ ಜೊತೆ ಅಲೆಯೂ ಏಳುತ್ತದೆ. ಬೆಳಗಿನ ಪ್ರವಾಸವನ್ನು ಮಧ್ಯಾಹ್ನಕ್ಕೆ ತಳ್ಳಿದರೆ ಅದೇ ದೋಣಿ, ಅದೇ ಜಾಗ ಬೇರೆಯೇ ಆಗಿಬಿಡುತ್ತದೆ. ಸಮುದ್ರ ಕಂಡು ರೂಢಿಯಿಲ್ಲದ ನಮ್ಮ ಕಡೆಯವರಿಗೆ ಇದು ಗೊತ್ತಿರುವುದಿಲ್ಲ. ಕರೆದುಕೊಂಡು ಹೋಗುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ದೋಣಿ ಬಂತು. ಪ್ರವಾಸಿಗರ ದೋಣಿ ಅಲ್ಲ, ಮೀನು ಹಿಡಿಯುವ ದೋಣಿ. ಮುಂದಿನ ತುದಿಯಲ್ಲಿ ಒದ್ದೆ ಬಲೆ ಹಾಗೇ ಗುಡ್ಡೆ ಹಾಕಿತ್ತು. ಪಕ್ಕಕ್ಕೆ ಹಳೆಯ ಟೈರ್ ಕಟ್ಟಿದ್ದರು. ಎರಡೂ ಬಸ್ಸಿನವರನ್ನು ಸೇರಿಸಿ ಒಂದೇ ದೋಣಿಗೆ ಹತ್ತಿಸಿದರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಲೈಫ್ ಜಾಕೆಟ್ ಎಲ್ಲರಿಗೂ ಸಾಲಲಿಲ್ಲ. ನನ್ನ ಕೈಗೆ ಬಂದದ್ದರ ಮುಂದಿನ ಎರಡು ಬಕಲ್ ಮುರಿದಿದ್ದವು. ಅವುಗಳ ಜಾಗದಲ್ಲಿ ನೈಲಾನ್ ದಾರ ಕಟ್ಟಿದ್ದರು. ಹೊಲಿಗೆ ಬಿಚ್ಚಿ ಒಳಗಿನ ಫೋಮ್ ಹೊರಗೆ ಬಂದಿತ್ತು, ಒತ್ತಿದರೆ ನೀರು ಒಸರುತ್ತಿತ್ತು. ನೀರು ಹೀರಿದ ಫೋಮ್ ಮನುಷ್ಯನನ್ನು ತೇಲಿಸುವುದಿಲ್ಲ. ಮಕ್ಕಳ ಅಳತೆಯ ಜಾಕೆಟ್ ಒಂದೂ ಇರಲಿಲ್ಲ. ನಮ್ಮ ಮನೆಯವರು ಕೇಳಿದ್ದಕ್ಕೆ ದೋಣಿಯ ಹುಡುಗ, "ಮಕ್ಕಳು ಮಧ್ಯ ಕೂತ್ರೆ ಸಾಕು ಅಣ್ಣ, ಏನೂ ಆಗುದಿಲ್ಲ" ಅಂದ. ಏಜೆನ್ಸಿ ಕಳಿಸಿದ್ದ ಮನುಷ್ಯ, "ಇಳಿಯೂದಾದ್ರ ಇಳೀರಿ ಸರ್ರ, ರೊಕ್ಕ ಮಾತ್ರ ವಾಪಸ್ ಬರೂದಿಲ್ಲ" ಅಂದ. ನಾವು ದೊಡ್ಡವರು ಜಾಕೆಟ್ ಬಿಚ್ಚಿ, ಇದ್ದುದರಲ್ಲಿ ಗಟ್ಟಿ ಇರುವುದನ್ನು ಆರಿಸಿ ಮಕ್ಕಳಿಗೆ ಕಟ್ಟಿದೆವು.

ಈ ಜಾಗದ ಒಂದು ವಿಷಯ ಹಾವೇರಿ ಕಡೆಯವರಿಗೆ ನೆನಪಿರಬೇಕು. 2019ರ ಜನವರಿ 21ರಂದು ಇದೇ ಕಾರವಾರದಲ್ಲಿ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಶಿಗ್ಗಾವಿ ತಾಲೂಕಿನ ಹೊಸೂರಿನ ಒಂದೇ ಮನೆತನದ ಹಲವರಿದ್ದರು, ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ನಮ್ಮ ಕಡೆಯ ಒಂದು ಮನೆ ಹಾಗೆ ಬರಿದಾಯಿತು. ಅದಾದ ಮೇಲೂ ನಮ್ಮ ಊರಿನಿಂದಲೇ ಜನರನ್ನು ಬಸ್ ತುಂಬಿಸಿ ಕರೆತಂದು, ಅದೇ ನೀರಿಗೆ ಅದೇ ರೀತಿ ಇಳಿಸುತ್ತಾರೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಡಾಲ್ಫಿನ್ ಕಂಡವು. ಅದನ್ನೂ ಹೇಳಬೇಕು, ಏಕೆಂದರೆ "ನೋಡಿದಿರಲ್ಲ, ಮತ್ತೇನು" ಅಂತ ಆಮೇಲೆ ಏಜೆನ್ಸಿಯವರು ಕೇಳಿದರು. ನಮ್ಮ ದಡದ ಹತ್ತಿರ ಸಾಮಾನ್ಯವಾಗಿ ಕಾಣುವುದು ಬೆನ್ನ ಮೇಲೆ ಡುಬ್ಬವಿರುವ ಬೂದು ಬಣ್ಣದ ಡಾಲ್ಫಿನ್. ಜಾಹೀರಾತಿನಲ್ಲಿ ಇರುವ ಹಾಗೆ ಗಾಳಿಯಲ್ಲಿ ಪಲ್ಟಿ ಹೊಡೆಯುವುದು ಅದರಲ್ಲಿ ಅಪರೂಪ. ಉಸಿರಿಗೆ ಮೇಲೆ ಬರುತ್ತದೆ, ಒಂದೆರಡು ಕ್ಷಣ ಬೆನ್ನು ಕಾಣುತ್ತದೆ, ಮುಳುಗುತ್ತದೆ. ನಾವು ನೋಡಿದ್ದು ಒಂದು ತಾಯಿ, ಅದರ ಪಕ್ಕಕ್ಕೇ ಅಂಟಿಕೊಂಡ ಮರಿ. ಬೆನ್ನು ಕಂಡದ್ದೇ ತಡ, ನಮ್ಮ ದೋಣಿಯವನು ಎಂಜಿನ್ ಜೋರು ಮಾಡಿ ನೇರ ಅದರ ಮೇಲೇ ಹೋದ. ಆ ಕಡೆಯಿಂದ ಇನ್ನೆರಡು ದೋಣಿ ಬಂದವು. ಮೂರೂ ಸೇರಿ ಸುತ್ತುಗಟ್ಟಿದವು. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೇ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಮೇಲೆ ಬರಲು ಬಿಡದಿದ್ದರೆ ಅದಕ್ಕೂ ಉಸಿರು ಕಟ್ಟುತ್ತದೆ. ಶಬ್ದದ ಮೂಲಕವೇ ಅದು ಮೀನು ಹುಡುಕುವುದು, ಮರಿಯನ್ನು ಜೊತೆಗಿಟ್ಟುಕೊಳ್ಳುವುದು. ಮೂರು ಎಂಜಿನ್ನಿನ ಗದ್ದಲದಲ್ಲಿ ಆ ತಾಯಿಗೆ ಏನು ಕೇಳಿಸೀತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಗೆ ಇರುವಷ್ಟೇ ರಕ್ಷಣೆ ಡಾಲ್ಫಿನ್‌ಗೂ ಇದೆ. ಒಳ್ಳೆಯ ದೋಣಿಯವರು ದೂರದಲ್ಲೇ ಎಂಜಿನ್ ನಿಲ್ಲಿಸಿ ಕಾಯುತ್ತಾರೆ. ಅದಕ್ಕೆ ಇಷ್ಟವಿದ್ದರೆ ತಾನಾಗಿ ಹತ್ತಿರ ಬರುತ್ತದೆ. ಗ್ಯಾರಂಟಿ ಅಂತ ದುಡ್ಡು ತೆಗೆದುಕೊಂಡವನಿಗೆ ಕಾಯಲು ಪುರುಸೊತ್ತಿರುವುದಿಲ್ಲ. ಡಾಲ್ಫಿನ್ ಗ್ಯಾರಂಟಿ ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಸ್ನಾರ್ಕಲಿಂಗ್. ಒಂದು ಬಂಡೆಯ ಹತ್ತಿರ ಲಂಗರು ಹಾಕಿದರು. ದೋಣಿಯಿಂದ ಒಂದು ಹಗ್ಗ ಬಿಟ್ಟು, ಅದರ ತುದಿಗೆ ಗಾಳಿ ತುಂಬಿದ ಟ್ಯೂಬ್ ಕಟ್ಟಿದರು. ಮಾಸ್ಕ್, ಬಾಯಿಗಿಡುವ ಪೈಪ್ ಒಂದು ಬಕೆಟ್ಟಿನಲ್ಲಿದ್ದವು. ಒಬ್ಬರ ಬಾಯಿಂದ ತೆಗೆದದ್ದನ್ನು ಸಮುದ್ರದ ನೀರಲ್ಲಿ ಅದ್ದಿ ಇನ್ನೊಬ್ಬರಿಗೆ ಕೊಡುತ್ತಿದ್ದರು. ಕಲಿಸಿದ್ದು ಇಷ್ಟೇ: "ಪೈಪ್ ಕಚ್ಚಿ ಹಿಡೀರಿ, ಮೂಗಿಂದ ಉಸಿರು ತಗೋಬೇಡಿ." ಪೈಪಿಗೆ ನೀರು ಹೊಕ್ಕರೆ ಜೋರಾಗಿ ಊದಿ ಹೊರಹಾಕಬೇಕು, ಅದನ್ನು ಮೊದಲು ಸೊಂಟದ ಮಟ್ಟದ ನೀರಿನಲ್ಲಿ ನಿಂತು ರೂಢಿ ಮಾಡಬೇಕು. ಇದನ್ನು ಯಾರೂ ಹೇಳಲಿಲ್ಲ. ಜನರ ಜೊತೆ ನೀರಿಗೆ ಇಳಿಯಲು ಗೈಡ್ ಇರಲಿಲ್ಲ.

ಮೈದುನನ ಮಗಳು ಈಜು ಕಲಿತವಳು, ಧೈರ್ಯವಂತೆ, ಅಪ್ಪನ ಜೊತೆಗೇ ಇಳಿದಳು. ಮಾಸ್ಕ್ ದೊಡ್ಡವರದು. ಅವಳ ಕೆನ್ನೆಗೆ ಕೂರದೆ ನೀರು ಒಳಗೆ ಬರುತ್ತಿತ್ತು. ಒಂದು ಅಲೆ ಪೈಪಿನ ಮೇಲಿಂದ ಹಾದುಹೋಯಿತು. ಅವಳು ಉಪ್ಪು ನೀರು ಎಳೆದುಕೊಂಡು ಹಗ್ಗ ಬಿಟ್ಟಳು. ದೊಡ್ಡವರ ಜಾಕೆಟ್ ಅಲ್ವಾ, ಅದು ಮೇಲೆ ಸರಿದು ಕಿವಿಯವರೆಗೆ ಬಂತು, ಮುಖ ಅದರೊಳಗೆ ಹೂತುಹೋಯಿತು. ಮುಂದಿನ ಅಲೆ ಅವಳನ್ನು ಬಂಡೆಯ ಕಡೆ ಒಯ್ದಿತು. ಮೈದುನ ಹಗ್ಗದ ಇನ್ನೊಂದು ಬದಿಯಲ್ಲಿದ್ದ, ಅವನ ಮಾಸ್ಕಿಗೆ ಮಂಜು ಕಟ್ಟಿ ಏನೂ ಕಾಣುತ್ತಿರಲಿಲ್ಲ. ನನ್ನ ನೆಗೆಣ್ಣಿ ಕಿರುಚಿದಳು. ದೋಣಿಯ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದ. ನೀರಿಗೆ ಹಾರಿದ್ದು ನಮ್ಮ ಜೊತೆ ಬಂದಿದ್ದ ರಾಣೆಬೆನ್ನೂರಿನ ಒಬ್ಬ ತಮ್ಮ. ತುಂಗಭದ್ರೆಯಲ್ಲಿ ಈಜಿ ಬೆಳೆದವನಂತೆ. ಅವನು ಅವಳ ಜಾಕೆಟ್ಟಿನ ಹಿಂಬದಿ ಹಿಡಿದು ಎಳೆದು ತಂದ. ಅವನಿಗೆ ಎಷ್ಟು ಕೈ ಮುಗಿದರೂ ಸಾಲದು.

ತಂದ ಮೇಲೆ ಹತ್ತಿಸುವುದು ಹೇಗೆ? ದೋಣಿಗೆ ಏಣಿ ಇರಲಿಲ್ಲ. ಟೈರಿನ ಮೇಲೆ ಕಾಲಿಡಿಸಿ ರಟ್ಟೆ ಹಿಡಿದು ಎಳೆದೆವು. ಬಂಡೆಗೆ ಅಂಟಿಕೊಂಡಿರುವ ಚೂಪಾದ ಚಿಪ್ಪು ತಾಗಿ ಮೊಣಕಾಲಿನ ಚರ್ಮ ಸುಲಿದಿತ್ತು. ಪ್ರಥಮ ಚಿಕಿತ್ಸೆಯ ಡಬ್ಬಿ ತೆಗೆಸಿದರೆ ಅದರಲ್ಲಿ ಖಾಲಿ ಬಾಟಲಿ ಮತ್ತು ಸ್ವಲ್ಪ ಹತ್ತಿ. ಅವಳು ಕೆಮ್ಮುತ್ತಾ, "ದೊಡ್ಡವ್ವಾ, ಉಸಿರು ತಗೊಳ್ಳಾಕ ಬರ್ಲೇ ಇಲ್ಲ" ಅಂತ ಮತ್ತೆ ಮತ್ತೆ ಅಂದಳು. ಅಷ್ಟಾದರೂ ಉಳಿದವರ ಸರದಿ ಮುಗಿಯಲಿ ಅಂತ ದೋಣಿಯವರು ಕಾಯಲು ನೋಡಿದರು. ದೋಣಿಯಲ್ಲಿದ್ದವರೆಲ್ಲ ಒಟ್ಟಾಗಿ ಜಗಳ ತೆಗೆದ ಮೇಲೆ ತಿರುಗಿಸಿದರು.

ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರು ಎದೆ ಪರೀಕ್ಷಿಸಿ, ಟಿಟಿ ಇಂಜೆಕ್ಷನ್ ಕೊಟ್ಟು, ಸಂಜೆವರೆಗೆ ಅಲ್ಲೇ ಇರಿಸಿಕೊಂಡರು. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು ಅಂತ ಹೇಳಿದರು. ಇದನ್ನು ದಯವಿಟ್ಟು ನೆನಪಿಡಿ. ಮಗು ನೀರಲ್ಲಿ ಉಸಿರುಗಟ್ಟಿ, ಆಮೇಲೆ ಕೆಮ್ಮು ನಿಲ್ಲದಿದ್ದರೆ, ಏದುಸಿರು ಬಿಟ್ಟರೆ ಅಥವಾ ಮಂಕಾಗಿ ನಿದ್ದೆಗೆ ಜಾರಿದರೆ "ಸುಸ್ತಾಗಿದೆ, ಮಲಗಲಿ" ಅಂತ ಬಸ್ ಹತ್ತಿಸಬೇಡಿ. ಮೊದಲು ಆಸ್ಪತ್ರೆಗೆ ಹೋಗಿ. ನಮ್ಮ ಹುಡುಗಿ ಈಗ ಚೆನ್ನಾಗಿದ್ದಾಳೆ. ಸ್ನಾನದ ಮನೆಯಲ್ಲಿ ತಲೆಯ ಮೇಲೆ ನೀರು ಹಾಕಿದರೆ ಮಾತ್ರ ಬೆಚ್ಚುತ್ತಾಳೆ.

ಹುಬ್ಬಳ್ಳಿಗೆ ಬಂದು ಏಜೆನ್ಸಿಗೆ ಹೋದರೆ ಸಿಕ್ಕ ಉತ್ತರ: "ಅಕ್ಕಾರ, ನಮ್ಮದು ಬುಕಿಂಗ್ ಅಷ್ಟ. ದೋಣಿ ನಮ್ಮದಲ್ಲ." ದೋಣಿಯವನಿಗೆ ಫೋನ್ ಮಾಡಿದರೆ, "ನಮಗೆ ಬರುದು ತಲೆಗೆ ಆರುನೂರು. ಅದರಲ್ಲಿ ಹೊಸ ಜಾಕೆಟ್ ಎಲ್ಲಿಂದ ತರುದು?" ಇಬ್ಬರ ನಡುವೆ ಕಾರವಾರದ ಇನ್ನೊಬ್ಬ ದಲ್ಲಾಳಿ, ಅವನು ಫೋನೇ ಎತ್ತಲಿಲ್ಲ. ಇದೇ ಈ ವ್ಯವಹಾರದ ಅಸಲಿ ಅಪಾಯ. ದುಡ್ಡು ತೆಗೆದುಕೊಳ್ಳುವವನು ಒಬ್ಬ, ನೀರಿಗೆ ಇಳಿಸುವವನು ಇನ್ನೊಬ್ಬ. ಜೀವಕ್ಕೆ ಹೊಣೆ ಯಾರೂ ಇಲ್ಲ. ನಮಗೆ ಕೊಟ್ಟ ರಸೀದಿಯಲ್ಲಿ ದೋಣಿಯ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. "ಟೂರ್ ಚಾರ್ಜ್" ಅಂತ ಒಂದೇ ಸಾಲು.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ದೋಣಿ ಯಾರದು, ಪ್ರವಾಸಿಗರನ್ನು ಒಯ್ಯಲು ಅದಕ್ಕೆ ಪರವಾನಗಿ ಇದೆಯಾ, ಎಷ್ಟು ಜನರ ಮಿತಿ, ಯಾವ ಜಾಗದಲ್ಲಿ ಸ್ನಾರ್ಕಲಿಂಗ್, ನೀರಿಗೆ ಜೊತೆಯಲ್ಲಿ ಯಾರು ಇಳಿಯುತ್ತಾರೆ, ಮಕ್ಕಳ ಜಾಕೆಟ್ ಇದೆಯಾ ಅಂತ ವಾಟ್ಸಾಪ್‌ನಲ್ಲೇ ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಬಾಯಿಮಾತು ಬೇಡ. ದಡದಲ್ಲಿ ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ, ಗದ್ದ ದಾಟಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ, ಕೈ ಬಿಟ್ಟರೂ ಅದು ಅಂಟಿಕೊಂಡೇ ಇದ್ದರೆ ಸರಿಯಾಗಿದೆ. ಸಮುದ್ರದಲ್ಲಿ ತೊಂದರೆಯಾದರೆ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಪೊಲೀಸರ 1093 ಸಂಖ್ಯೆಗಳನ್ನು ದೋಣಿ ಹತ್ತುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ನಮ್ಮ ಹಾಗೆ ಈಗಾಗಲೇ ಅನುಭವಿಸಿದವರಿಗೆ ಒಂದು ಮಾತು. ಘಟನೆ ಕಾರವಾರದಲ್ಲಿ ಆಯಿತು, ಅಲ್ಲಿಗೇ ಅಲೆಯಬೇಕು ಅಂತ ಸುಮ್ನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಹುಬ್ಬಳ್ಳಿಯವರು ಧಾರವಾಡದಲ್ಲಿ, ಗದಗ, ಹಾವೇರಿಯವರು ತಮ್ಮ ತಮ್ಮ ಜಿಲ್ಲೆಯಲ್ಲಿ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ. ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ದಾಖಲೆ, ಆಸ್ಪತ್ರೆ ಚೀಟಿ, ದೋಣಿಯ ಫೋಟೋ ಯಾವುದನ್ನೂ ಅಳಿಸಬೇಡಿ. ನಾವು ಇವನ್ನೆಲ್ಲ ಸೇರಿಸಿ ಧಾರವಾಡದ ಆಯೋಗಕ್ಕೆ ದೂರು ಬರೆಸುತ್ತಿದ್ದೇವೆ. ರಾಣೆಬೆನ್ನೂರಿನ ತಮ್ಮ ಸಾಕ್ಷಿ ಹೇಳಲು ಒಪ್ಪಿದ್ದಾನೆ. ಆ ದಿನ ಗದಗಿನ ಬಸ್ಸಿನಲ್ಲಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಫೋನಿನಲ್ಲಿರುವ ದೋಣಿಯ ವಿಡಿಯೋ ನಮಗೆ ಬೇಕು.